ಭಾನುವಾರದ ಬ್ಯಾಟರಿ ಕಾವಲು

“ಇಡೀ ಬೆಂಗಳೂರು ಹೊತ್ತಿ ಉರಿದರೂ ನನ್ನ ಮನೇಲಿ ಒಂದು ಕಿಡಿ ಹಾರಲ್ಲ!” ಎಂದು ಶಾಂತಕುಮಾರಿ ಕಚೇರಿಯಲ್ಲಿ ಘೋಷಿಸಿದರು. ಘೋಷಿಸುವ ಹಕ್ಕು ಅವರಿಗಿತ್ತು. ವಿಮಾ ಕಚೇರಿಯ ಬೆಂಕಿ ಕ್ಲೇಮು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು, ಸುಟ್ಟ ಗೋದಾಮು, ಸುಟ್ಟ ಬೇಕರಿ, ಸುಟ್ಟ ಶಾಮಿಯಾನಗಳ ಫೈಲು ಓದಿ ಓದಿ, ಊರಿನ ಬೆಂಕಿಯೆಲ್ಲ ಕೊನೆಗೆ ಆರುವುದು ತಮ್ಮ ಮೇಜಿನ ಮೇಲೇ ಎಂಬ ನಂಬಿಕೆ ಅವರಿಗೆ ಬಂದುಬಿಟ್ಟಿತ್ತು.

ಘೋಷಣೆಗೆ ಕಾರಣ ಒಂದು ಟಾರ್ಚು! ಅದು ಎರಡು ಸಾವಿರದ ಏಳರ ಬೇಸಿಗೆ. ಹಲಸೂರಿನಲ್ಲಿ ಕರೆಂಟು ಬಂದಷ್ಟೇ ಸಲ ಹೋಗುತ್ತಿತ್ತು. ಶಾಂತಕುಮಾರಿ ಶಿವಾಜಿನಗರಕ್ಕೆ ಹೋಗಿ, ರಹೀಂ ಅಂಗಡಿಯಲ್ಲಿ ಗೇಣುದ್ದದ, ಕಾರಿನ ಹೆಡ್‌ಲೈಟಿಗೆ ಸಡ್ಡು ಹೊಡೆಯುವಂಥ ಟಾರ್ಚು ಕೊಂಡರು.

“ಮೇಡಂ, ಇದು ಮಾಮೂಲಿ ಸೆಲ್ಲಲ್ಲ, ಲಿಥಿಯಂ ಬ್ಯಾಟರಿ” ಎಂದ ರಹೀಂ. “ಸೈಜು ಚಿಕ್ಕದು, ಕೋಪ ಜಾಸ್ತಿ. ಈ ಚಾರ್ಜರು ತಾನಾಗೇ ನಿಲ್ಲಲ್ಲ, ನಾಲ್ಕು ಗಂಟೆ ಆದ್ಮೇಲೆ ನೀವೇ ತೆಗೀಬೇಕು. ಚಾರ್ಜಿಗೆ ಹಾಕ್ಬಿಟ್ಟು ಆಚೆ ಹೋಗ್ಬೇಡಿ, ನಿದ್ದೆ ಮಾಡ್ಬೇಡಿ. ಬಿಸಿ ಆದ್ರೆ ತಕ್ಷಣ ಪ್ಲಗ್ ಕಿತ್ತಾಕಿ. ಮನೇಲಿ ಯಾರಾದ್ರೂ ಒಬ್ರು ನೋಡ್ಕೋತಾ ಇರ್ಲಿ.”

ಮನೆಯಲ್ಲಿ ಯಾರಾದರೂ ಒಬ್ಬರು! ಇದ್ದದ್ದೇ ಒಬ್ಬರು. ಮೂರು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ಆ ಮಹಡಿ ಮನೆಯಲ್ಲಿ ಶಾಂತಕುಮಾರಿಯ ಹೊರತು ಮಾತಾಡುತ್ತಿದ್ದುದು ಕುಕ್ಕರು ಮಾತ್ರ. ಶನಿವಾರ ಮಧ್ಯಾಹ್ನ ಕಚೇರಿಯಲ್ಲಿ ಆಡಿದ ಮಾತೇ ಕೊನೆಯ ಮಾತು. ಸೋಮವಾರ ಬೆಳಿಗ್ಗೆ ಮೊದಲ “ಗುಡ್ ಮಾರ್ನಿಂಗ್” ಹೇಳುವಾಗ ಗಂಟಲು ಕಟ್ಟಿರುತ್ತಿತ್ತು. ಯಾರಾದರೂ ಕೇಳಿದರೆ ನೆಗಡಿ ಎನ್ನುತ್ತಿದ್ದರು.

ಮೊದಲ ಭಾನುವಾರ ಮಧ್ಯಾಹ್ನ ಮೂರಕ್ಕೆ ಬ್ಯಾಟರಿಗೆ ಚಾರ್ಜಿನ ಮಹೋತ್ಸವ ಶುರುವಾಯಿತು. ನಡುಮನೆಯ ನಟ್ಟನಡುವೆ ಬರೀ ನೆಲದ ಮೇಲೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಅಲಾರಂ ಗಡಿಯಾರ, ಒಂದು ಕುರ್ಚಿ. ಪರದೆಗಳನ್ನೆಲ್ಲ ಎತ್ತಿ ಕಟ್ಟಿದ್ದಾಯಿತು. ಹೆಬ್ಬೆರಳಿನಷ್ಟು ದಪ್ಪದ ಆ ಬ್ಯಾಟರಿಗೆ ಮಂತ್ರಿಗಳಿಗೂ ಸಿಗದ ಬಂದೋಬಸ್ತು! ಆದರೆ ಅರ್ಧ ಗಂಟೆಯಲ್ಲೇ ಸಂಕಷ್ಟ ಎದುರಾಯಿತು. ಒಲೆಯ ಮೇಲೆ ಸಾರಿಟ್ಟಿದ್ದರು. ಅಡುಗೆಮನೆಗೆ ಹೋದರೆ ಬ್ಯಾಟರಿ ಒಂಟಿ, ಇಲ್ಲೇ ಕೂತರೆ ಸಾರು ಒಂಟಿ!

ಶಾಂತಕುಮಾರಿ ಮೆಟ್ಟಿಲ ತುದಿಯಲ್ಲಿ ನಿಂತು, ಒಂದು ಕಣ್ಣು ಬ್ಯಾಟರಿಯ ಮೇಲಿಟ್ಟು, ಕೆಳಮನೆಯ ಓನರ್ ಪ್ರೇಮಕ್ಕನನ್ನು ಕೂಗಿದರು. ಮೂರು ವರ್ಷದಲ್ಲಿ ಇಬ್ಬರ ನಡುವೆ “ನೀರು ಬಂತಾ?” “ಬಂತು” ಬಿಟ್ಟರೆ ಬೇರೆ ಸಂಭಾಷಣೆ ನಡೆದಿರಲಿಲ್ಲ.

“ಪ್ರೇಮಕ್ಕಾ, ಒಂದರ್ಧ ಗಂಟೆ ಬ್ಯಾಟರಿ ನೋಡ್ಕೋತೀರಾ?”

“ಯಾಕ್ರೀ, ಓಡಿಹೋಗುತ್ತಾ?”

“ಓಡಲ್ಲ, ಹೊತ್ಕೊಳ್ಳುತ್ತೆ!”

ಪ್ರೇಮಕ್ಕ ಬಿಡಿಸುತ್ತಿದ್ದ ಹುಣಸೆಹಣ್ಣಿನ ಮೊರದ ಸಮೇತ ಮೇಲೆ ಬಂದರು. ಅವರನ್ನು ಹುಡುಕಿಕೊಂಡು ಎದುರುಮನೆಯ ಹುಸೇನಮ್ಮ, ಸೀರೆಗಳಿಗೆ ಫಾಲ್ಸ್ ಹೊಲಿಯುವವರು, ಸೂಜಿ ಡಬ್ಬಿ ಹಿಡಿದು ಬಂದರು. “ಇಷ್ಟುದ್ದದ್ದಕ್ಕೆ ಇಷ್ಟು ಜನ ಬೇಕಾ?” ಎಂದು ನಕ್ಕವರು ಅಲ್ಲೇ ಕೂತರು. ಏಳಕ್ಕೆ ಅಲಾರಂ ಹೊಡೆದು ಪ್ಲಗ್ ಕಿತ್ತ ಮೇಲೂ ಯಾರೂ ಏಳಲಿಲ್ಲ.

ಮರುದಿನ ಸೋಮವಾರ ಶಾಂತಕುಮಾರಿಯ “ಗುಡ್ ಮಾರ್ನಿಂಗ್” ಗಂಟೆ ಬಾರಿಸಿದಂತೆ ಹೊರಟಿತು.

ಮುಂದಿನ ಭಾನುವಾರ ಗೋಡೆಗೆ ಡ್ಯೂಟಿ ಚಾರ್ಟು ಅಂಟಿಕೊಂಡಿತು. ಮೂರರಿಂದ ನಾಲ್ಕು ಪ್ರೇಮಕ್ಕ, ನಾಲ್ಕರಿಂದ ಐದು ಹುಸೇನಮ್ಮ, ಮಿಕ್ಕಿದ್ದು ಶಾಂತಕುಮಾರಿ, ಎದುರಿಗೆ ಸಹಿ! ನಡೆದದ್ದು ಮಾತ್ರ ಬೇರೆ. ಮೂವರೂ ಮೂರಕ್ಕೇ ಸೇರುತ್ತಿದ್ದರು. ಕಡ್ಲೆಪುರಿ, ಮಜ್ಜಿಗೆ, ಸೊಸೆಯರ ಸುದ್ದಿ ಎಲ್ಲವೂ ಆಗುತ್ತಿತ್ತು, ಬ್ಯಾಟರಿಯ ಕಡೆ ನೋಡುವವರು ಮಾತ್ರ ಇರುತ್ತಿರಲಿಲ್ಲ. ಹೀಗೆ ಆರು ಭಾನುವಾರ ಕಳೆದವು. ಶಾಂತಕುಮಾರಿ ವಾರವಿಡೀ ಆ ನಾಲ್ಕು ಗಂಟೆಗಾಗಿ ಕಾಯತೊಡಗಿದರು.

ಅಷ್ಟರಲ್ಲಿ ಉಪಕಾರ ಮಾಡಲು ಕಚೇರಿಯ ಪಕ್ಕದ ಮೇಜಿನ ಪೀರಪ್ಪ ಬಂದ! ವಿಜಾಪುರ ಕಡೆಯವನು, ಒಳ್ಳೆಯವನು, ಅದೇ ತೊಂದರೆ.

“ಏನ್ರೀ ಮೇಡಂ, ಒಂದ್ ಸಣ್ಣ ಬ್ಯಾಟರಿಗೆ ಮೂರು ಮಂದಿ ಕಾವಲೇನ್ರೀ? ಈ ಚಾರ್ಜರ್ ತಗೋರಿ, ನಮ್ಮನ್ಯಾಗ ಎರಡು ಅದಾವ. ತುಂಬಿದ ಕೂಡ್ಲೆ ತಾನ ನಿಲ್ತದ, ಹಸರು ದೀಪ ಬರ್ತದ. ಇನ್ನ ಯಾರೂ ಬರೂದು ಬ್ಯಾಡ!”

ಯಾರೂ ಬರುವುದು ಬೇಡ. ಶಾಂತಕುಮಾರಿ ಥ್ಯಾಂಕ್ಸ್ ಹೇಳಿ, ಮನೆಗೆ ಬಂದು, ಚಾರ್ಜರನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರು ಮುಚ್ಚಿಟ್ಟ ಮೊದಲ ಸಾಕ್ಷ್ಯ ಅದು!

ಆ ವಾರ ಇನ್ನೊಂದು ಅನಾಹುತವಾಯಿತು. ಕರೆಂಟು ಹೋಗಲೇ ಇಲ್ಲ! ಟಾರ್ಚಿಗೆ ಕೆಲಸವಿಲ್ಲ, ಬ್ಯಾಟರಿ ತುಂಬಿ ತುಳುಕುತ್ತಿದೆ. ತುಂಬಿದ ಬ್ಯಾಟರಿಯನ್ನು ಹಳೆಯ ಚಾರ್ಜರಿಗೆ ಹಾಕುವುದು ಅಪಾಯ. ಹಾಕದೆಯೇ ಕಾವಲಿಗೆ ಕರೆಯುವುದು ಸುಳ್ಳು ಕ್ಲೇಮು. ಪ್ರಾಣ ಹೋದರೂ ಶಾಂತಕುಮಾರಿ ಅದಕ್ಕೆ ಒಪ್ಪರು. ಉಳಿದದ್ದು ಒಂದೇ ದಾರಿ, ಭಾನುವಾರದೊಳಗೆ ಬ್ಯಾಟರಿ ಖಾಲಿಯಾಗಬೇಕು.

ಶನಿವಾರ ಹಲಸೂರು ಮಾರ್ಕೆಟ್ಟಿನಲ್ಲಿ ಹಾಡಹಗಲೇ ಟಾರ್ಚು ಹಿಡಿದು ಬದನೆಕಾಯಿ ಆರಿಸಿದರು. “ಮೇಡಂ, ಸೂರ್ಯ ಬಂದವ್ನೆ, ಆಫ್ ಮಾಡಿ” ಎಂದ ತರಕಾರಿಯವನು. ಭಾನುವಾರ ಮಧ್ಯಾಹ್ನವೂ ಟಾರ್ಚು ಜಗಜಗಿಸುತ್ತಲೇ ಇತ್ತು. ಗಾಜು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಪ್ರೇಮಕ್ಕ ನೋಡಿದರೆ ಏನು ಹೇಳುವುದು? ಉರಿಯುತ್ತಿದ್ದ ಟಾರ್ಚನ್ನು ಹಾಗೇ ಬೀರುವಿನೊಳಗೆ ಸೀರೆಗಳ ಮೇಲಿಟ್ಟು ಬಾಗಿಲು ಹಾಕಿ, ಶಾಂತಕುಮಾರಿ ಕಡ್ಲೆಪುರಿ ತರಲು ಹೋದರು.

ಮೂರಕ್ಕೆ ಎಲ್ಲರೂ ಸೇರಿದರು. ಹುಸೇನಮ್ಮ ಮೂಗರಳಿಸಿದರು. “ಏನೋ ಸುಟ್ಟಂಗೈತೆ!”

“ಬ್ಯಾಟರಿ!” ಎಂದು ಕಿರುಚಿದ ಪ್ರೇಮಕ್ಕ ತಟ್ಟೆಯ ಕಡೆ ಹಾರಿದರು. ತಟ್ಟೆ ಖಾಲಿ! ಬೀರುವಿನ ಸಂದಿಯಿಂದ ಮಾತ್ರ ಹೊಗೆ ಬರುತ್ತಿತ್ತು. ಬೆಂಗಳೂರಿನ ಬೆಂಕಿಯನ್ನೆಲ್ಲ ಕಾಗದದ ಮೇಲೆ ಆರಿಸಿದ ಶಾಂತಕುಮಾರಿ ಕಂಬದಂತೆ ನಿಂತುಬಿಟ್ಟರು. ಪ್ರೇಮಕ್ಕನೇ ಬೀರು ತೆರೆದು ಬಕೆಟ್ಟಿನ ಮರಳನ್ನೆಲ್ಲ ಸುರಿದರು.

ಹೊಗೆ ನಿಂತಿತು. ಅಗ್ನಿ ಸುರಕ್ಷತಾ ಸಪ್ತಾಹದ ಭಾಷಣಕ್ಕೆ ಬಹುಮಾನ ಬಂದಿದ್ದ ನೈಲಾನ್ ಸೀರೆಯಲ್ಲಿ ಲೋಟದ ಬಾಯಿಯಷ್ಟು ತೂತು! ಮರಳಿನಡಿಯಿಂದ ಮೊದಲು ಟಾರ್ಚು ಹೊರಬಂತು. ಇನ್ನೂ ಉರಿಯುತ್ತಿತ್ತು, ಮಾನಗೆಟ್ಟದ್ದು! ಅದರ ಹಿಂದೆ ಚಾರ್ಜರು ಬಂತು.

ಹುಸೇನಮ್ಮ ಅದನ್ನು ತಿರುಗಿಸಿ ನೋಡಿದರು. “ಇದು ನಮ್ ಮಗಳ ಮನೇಲೂ ಐತೆ. ತಾನೇ ನಿಲ್ಲುತ್ತೆ. ಇದಕ್ಕೆ ಕಾವಲು ಬ್ಯಾಡ.”

“ಯಾವಾಗ ತಂದ್ರಿ?” ಎಂದು ಕೇಳಿದರು ಪ್ರೇಮಕ್ಕ.

“ಮೊನ್ನೆ ಸೋಮವಾರ” ಎಂದರು ಶಾಂತಕುಮಾರಿ. “ಹೇಳಿದ್ರೆ ನೀವು ಬರಲ್ಲ ಅಂತ...”

ಇಬ್ಬರೂ ಮರಳು ಗುಡಿಸಿಕೊಟ್ಟು, ತೂತಾದ ಸೀರೆಯನ್ನೂ ಎತ್ತಿಕೊಂಡು ಇಳಿದುಹೋದರು. ಕೆಳಗೆ ಬಾಗಿಲು ಹಾಕಿದ ಸದ್ದು ಶಾಂತಕುಮಾರಿಗೆ ಕೇಳಿಸಿತು. ಆ ವಾರ ನೀರು ಬಂತಾ ಎಂದು ಕೇಳಲೂ ಅವರಿಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಬ್ಯಾಟರಿಯನ್ನು ಹೊಸ ಚಾರ್ಜರಿಗೆ ಹಾಕಿದರು. ಎರಡೂವರೆಗೆಲ್ಲ ಹಸಿರು ದೀಪ ಬಂತು. ಅಷ್ಟೇ, ಮುಗಿಯಿತು. ಆ ದೀಪದ ಎದುರು ಸುಮ್ಮನೆ ಕೂತರು. ಕುಕ್ಕರು ಕೂಡ ಅವತ್ತು ಕೂಗಿರಲಿಲ್ಲ.

ಮೂರಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಪ್ರೇಮಕ್ಕ ಮೊರದೊಂದಿಗೆ ಬಂದರು, ಹಿಂದೆಯೇ ಹುಸೇನಮ್ಮ, ಕೈಯಲ್ಲಿ ತೂತಿಗೆ ತೇಪೆ ಹಾಕಿದ ನೈಲಾನ್ ಸೀರೆ.

“ಬ್ಯಾಟರಿ ತುಂಬ್ಬಿಟ್ಟಿದೆ ಪ್ರೇಮಕ್ಕ, ಕಾವಲು ಬೇಕಾಗಿಲ್ಲ” ಎಂದು ಶಾಂತಕುಮಾರಿ ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಪ್ರೇಮಕ್ಕ ಬ್ಯಾಟರಿಯ ಕಡೆ ತಿರುಗಿಯೂ ನೋಡದೆ ಹಳೆಯ ಚಾರ್ಟಿನ ಮೇಲೆ ಹೊಸದೊಂದನ್ನು ಅಂಟಿಸಿದರು. ಮೂರರಿಂದ ನಾಲ್ಕು ಪ್ರೇಮಕ್ಕ. ನಾಲ್ಕರಿಂದ ಐದು ಹುಸೇನಮ್ಮ. ಐದರ ಮೇಲೆ ಇಬ್ಬರೂ.

“ಇದ್ಯಾಕೆ? ಬ್ಯಾಟರಿ...”

“ಬ್ಯಾಟರಿ ಪಾಪ, ಆರು ಭಾನುವಾರ ತೆಪ್ಪಗೆ ಕೂತಿತ್ತು. ಒಬ್ರನ್ನೇ ಬಿಟ್ರೆ ಬೆಂಕಿ ಹಚ್ಚೋದು ನೀವು ಕಣ್ರೀ! ಸೈನ್ ಹಾಕಿ.”