ಬ್ರದರ್ ಆಲ್‌ರೆಡ್ಡರ ಹೊಸ್ತಿಲು

ನಾಲ್ಕು ತಿಂಗಳು ಒಂದೇ ಮನೆಯ ಜಗಲಿ ಕಾದು ಬಂದ ಗಂಡನನ್ನು ಹೆಂಡತಿಯಾದವಳು ಆಡಿಕೊಳ್ಳಬಾರದು. ಆರ್ಡಿತ್ ಆಡಿಕೊಂಡಳು. ಅದಕ್ಕೇ ನಾನು ಹಟ ಹಿಡಿದದ್ದು.

ನಮ್ಮ ವಾರ್ಡಿನಲ್ಲಿ (ಊರಿನ ನಮ್ಮ ಚರ್ಚಿನ ಸಭೆಗೆ ಹಾಗನ್ನುತ್ತೇವೆ) ಒಬ್ಬೊಬ್ಬನಿಗೂ ನೋಡಿಕೊಳ್ಳಲು ಒಂದೋ ಎರಡೋ ಮನೆ ಕೊಡುತ್ತಾರೆ. ಯೇಸುಸ್ವಾಮಿ ಹೇಗೆ ನೋಡಿಕೊಳ್ಳುತ್ತಿದ್ದನೋ ಹಾಗೆ ಕಷ್ಟಸುಖ ವಿಚಾರಿಸಬೇಕು. ಮೊಬೈಲಿನಲ್ಲಿ ಪಟ್ಟಿ ತೆರೆದರೆ ಬ್ರದರ್ ಆಲ್‌ರೆಡ್ ಎಂದಿತ್ತು. ಎಂಬತ್ತೆರಡರ ವಿಧುರರು. ನಮ್ಮ ಸ್ಯಾನ್‌ಪೀಟ್ ಕಣಿವೆಯಲ್ಲೇ ಅಂಥ ಸಿಡುಕರು ಇನ್ನೊಬ್ಬರಿಲ್ಲ.

ಪ್ರತಿ ಗುರುವಾರ ಆರ್ಡಿತ್ ಮಾಡಿದ ಜುಕಿನಿ ಬ್ರೆಡ್ ಹಿಡಿದು ದಂಡಯಾತ್ರೆ ಹೊರಡುತ್ತಿದ್ದೆ. (ಸೌತೆಯಂಥ ಈ ಜುಕಿನಿಕಾಯಿಗೆ ನಮ್ಮ ಹಿತ್ತಲಿನಲ್ಲಿ ಸಾವೇ ಇಲ್ಲ.) ಜಾಲರಿ ಬಾಗಿಲು ಗೇಣಗಲ ತೆರೆಯುತ್ತಿತ್ತು.

“ಹೇಗಿದ್ದೀರಿ, ಬ್ರದರ್ ಆಲ್‌ರೆಡ್?”

“ನನ್ ವಿಷ್ಯ ಬಿಡಯ್ಯ. ನೀನ್ ಹೇಗಿದ್ದೀಯ? ಹೆಂಡ್ತಿ ಸರಿಯಾಗಿ ನೋಡ್ಕೊತಾಳಾ? ಏನಾದ್ರೂ ಬೇಕಿತ್ತಾ?”

ಅದನ್ನು ಕೇಳಬೇಕಾದವನು ನಾನು! ಬ್ರೆಡ್ ಈಸಿಕೊಂಡು, ಜಗಲಿಯ ಕುರ್ಚಿ ತೋರಿಸಿ, ಅರ್ಧ ಗಂಟೆ ಸಂಸಾರದ ಬಗ್ಗೆ ಉಪದೇಶ ಕೊಟ್ಟು ಕಳಿಸುತ್ತಿದ್ದರು. ಹೊಸ್ತಿಲೊಳಗೆ ಹೆಬ್ಬೆರಳಿಡಲೂ ಬಿಡಲಿಲ್ಲ.

“ಇವತ್ತಾದ್ರೂ ಒಳಗೆ ಕರೆದ್ರಾ?” ಎಂದು ಆರ್ಡಿತ್ ಕೇಳುವಳು.

“ಇಲ್ಲ.”

“ಒಬ್ಬ ಮುದುಕನ್ನ ಒಲಿಸ್ಕೊಳೋಕಾಗಲ್ಲ ನಿನ್ ಕೈಲಿ. ಬೇರೆಯವ್ರಿಗೆ ಬಿಟ್ಕೊಡು, ಥೇನ್.”

“ಬಿಡಲ್ಲ! ಆ ಮನೆ ಸೋಫಾ ಮೇಲೆ ಕೂತೇ ತೀರ್ತೀನಿ!”

ವಾರ್ಡಿನ ಗಂಡಸರ ಬಳಗದ ಅಧ್ಯಕ್ಷ ಬ್ರದರ್ ಬಾರ್ನಿ ಮೂರು ತಿಂಗಳಿಗೊಮ್ಮೆ ಎಲ್ಲರ ವರದಿ ಕೇಳುತ್ತಾನೆ. ಅವನು ಕಾಲು ಮುರಿದುಕೊಂಡಿದ್ದರಿಂದ ಈ ಸಲ ತಡವಾಗಿತ್ತು. ನಾನು ಎದೆಯುಬ್ಬಿಸಿ ಆಲ್‌ರೆಡ್ ಪುರಾಣ ಒಪ್ಪಿಸಿದೆ. ಅವನು ನನ್ನ ಮೊಬೈಲ್ ಇಸಿದುಕೊಂಡು ನೋಡಿದ.

“ಥೇನ್, ಇದು ನಿನ್ನನ್ನ ನೋಡ್ಕೊಳೋರ ಪಟ್ಟಿ. ನೀನು ನೋಡ್ಕೊಬೇಕಾದವ್ರ ಪಟ್ಟಿ ಕೆಳಗಿದೆ.”

“ಅಂದ್ರೆ ಆಲ್‌ರೆಡ್ಡು...”

“ನಿನ್ನನ್ನ ನೋಡ್ಕೊತಿದಾರೆ. ವರದೀನೂ ಕೊಟ್ಟಿದಾರೆ. ‘ಪಾಪ, ಹೆಂಡ್ತಿ ಜತೆ ಸರಿಯಿಲ್ಲ. ವಾರವಾರ ಬ್ರೆಡ್ ಎತ್ಕೊಂಡು ಮನೆಯಿಂದ ಓಡಿ ಬರ್ತಾನೆ. ಒಳಗೆ ಕರೆದ್ರೆ ಇಲ್ಲೇ ಉಳಿದ್ಬಿಡ್ತಾನೆ ಅಂತ ಜಗಲೀಲೇ ಸಮಾಧಾನ ಮಾಡಿ ಕಳಿಸ್ತೀನಿ’ ಅಂತ.”

ಮೊಬೈಲ್ ಕಸಿದುಕೊಂಡು ಕೆಳಗಿನ ಪಟ್ಟಿಗೆ ಹೋದೆ. ಒಂದೇ ಹೆಸರಿತ್ತು: ಬಾರ್ನಿ.

“ಆರು ವಾರ ಪ್ಲಾಸ್ಟರ್ ಹಾಕ್ಕೊಂಡು ಬಿದ್ದಿದ್ದೆ,” ಎಂದ ಅಧ್ಯಕ್ಷ ತಣ್ಣಗೆ. “ಒಂದು ತುಂಡು ಬ್ರೆಡ್ಡೂ ಬರ್ಲಿಲ್ಲ.”

ಮನೆಗೆ ಬಂದು ಆರ್ಡಿತ್‌ಗೆ ಎಲ್ಲವನ್ನೂ ಹೇಳಿದೆ. (ಹೇಳಬಾರದಿತ್ತು.)

“ನನ್ ಜತೆ ಸರಿಯಿಲ್ವಾ? ನಾನ್ ಓಡಿಸ್ತೀನಾ? ಈಗ್ಲೇ ಹೋಗಿ ಆ ಮುದುಕನಿಗೆ ನಿಜ ಹೇಳ್ಬಾ! ಹೇಳೋವರೆಗೂ ಈ ಮನೆ ಬಾಗಿಲು ತೆರೆಯಲ್ಲ!”

ಬಾಗಿಲು ದಢಾರನೆ ಮುಚ್ಚಿತು. ನಾನು ಸೋಲೊಪ್ಪುವವನಲ್ಲ. ನಮ್ಮದು ಹಾಲುಜೇನಿನಂಥ ಸಂಸಾರ, ನನಗೆ ಯಾರ ಸಮಾಧಾನವೂ ಬೇಕಿಲ್ಲ ಎಂದು ಮುಖಕ್ಕೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡೆ.

ಆಲ್‌ರೆಡ್ ನನ್ನ ಬರಿಗೈಯನ್ನೇ ನೋಡಿದರು.

“ಬ್ರೆಡ್ಡೂ ಕೊಡದೆ ಹೊರಗೆ ಹಾಕಿದ್ಲಾ?”

ಬಾಯಿ ತೆರೆದೆ. ಸುಳ್ಳು ಹೇಳುವುದು ನಮ್ಮಲ್ಲಿ ಪಾಪ. “ಹೌದು,” ಎಂದೆ.

ಜಾಲರಿ ಬಾಗಿಲು ಮೊದಲ ಸಲ ಪೂರ್ತಿ ತೆರೆಯಿತು.

“ಬಾರಯ್ಯ ಒಳಗೆ. ಸೋಫಾ ಮೇಲೆ ಹಾಸಿಗೆ ಹಾಸ್ಕೊಡ್ತೀನಿ.”