ಗಡಿಕಲ್ಲಿಗೆ ಕುಕ್ಕಿಸಿಕೊಂಡವರು

ಇಬ್ಬರು ಕಾಲು ಹಿಡಿದು, ಇಬ್ಬರು ತೋಳು ಹಿಡಿದು ಆರ್ಕಲ್‌ರನ್ನು ಹಿಟ್ಟಿನ ಮೂಟೆಯ ಹಾಗೆ ಎತ್ತಿದರು. ಕುಂಡೆ ಸರಿಯಾಗಿ ಕಲ್ಲಿಗೆ ತಗಲುವಂತೆ ಕುಕ್ಕಿದರು. ಒಮ್ಮೆ. ಇನ್ನೊಮ್ಮೆ.

"ಈ ಕಲ್ಲು ನೆನಪಿರುತ್ತಾ?"

"ಸಾಯೋ ತನಕ," ಎಂದರು ಆರ್ಕಲ್.

ಅಂದು ನೆದರ್ ವಾಪ್ಲಿಯ ಗಡಿ ಸುತ್ತುವ ದಿನ. ಊರವರು ತೊಗಟೆ ಸುಲಿದ ಕೋಲು ಹಿಡಿದು ನಡೆದು, ಸಿಕ್ಕ ಗಡಿಕಲ್ಲಿಗೆಲ್ಲ ಬಡಿಯುತ್ತಾರೆ. ಗುರುತು ಮರೆಯದಿರಲೆಂದು ಹಿಂದೆ ಹುಡುಗರನ್ನು ಕಲ್ಲಿಗೆ ಕುಕ್ಕುತ್ತಿದ್ದರು. ಈಗಿನ ತಾಯಂದಿರು ಒಪ್ಪುವುದಿಲ್ಲ. ಹಾಗಾಗಿ ಆರ್ಕಲ್ ತಾವೇ ಮುಂದೆ ಬಂದಿದ್ದರು.

ಅವರು ಹಳ್ಳದ ದಡದ ಮನೆ ಕೊಂಡಾಗ ತಲೆ ತುಂಬ ಕಪ್ಪು ಕೂದಲಿತ್ತು. ಈಗ ಬಿಳಿಯದೂ ಅಷ್ಟಾಗಿ ಇಲ್ಲ. ಊರಿನ ಚರಿತ್ರೆ ಬರೆದವರೂ ಅವರೇ. ಆದರೂ ಸಭೆಯಲ್ಲಿ ಬಾಯಿ ತೆರೆದರೆ ಸಾಕು, ಮಿಸೆಸ್ ಟಬ್, "ಹೊರಗಿನವರು ಏನೋ ಹೇಳ್ತಿದಾರೆ, ಕೇಳೋಣ" ಎನ್ನುತ್ತಿದ್ದರು. ಅಷ್ಟೂ ಕಲ್ಲಿಗೆ ಕುಕ್ಕಿಸಿಕೊಂಡರೆ ಇನ್ನು ಹಾಗೆ ಕರೆಯುವುದಿಲ್ಲವೆಂದು ಆಕೆಯೇ ಎಲ್ಲರ ಮುಂದೆ ಮಾತು ಕೊಟ್ಟಿದ್ದರು.

ಒಂದು ಕಲ್ಲು ಹಂದಿಗೂಡಿನಲ್ಲಿತ್ತು. ಹಂದಿ ಜಾಗ ಬಿಡಲಿಲ್ಲ, ಇಬ್ಬರೂ ಹೊಂದಿಕೊಂಡರು. ಇನ್ನೊಂದರ ಮೇಲೆ ಗುಲಾಬಿ ಬಳ್ಳಿ ಹಬ್ಬಿತ್ತು. ಎತ್ತುವುದು ಹೇಗೆಂದು ದಾರಿಯುದ್ದಕ್ಕೂ ಎಲ್ಲರೂ ಸಲಹೆ ಕೊಟ್ಟರು, ಸರಿಯಿಲ್ಲವೆಂದು ಮತ್ತೆ ಕುಕ್ಕಿಸಿದರು. ಮಧ್ಯಾಹ್ನದ ಹೊತ್ತಿಗೆ ಆರ್ಕಲ್‌ರ ನಡಿಗೆ ಮೊಟ್ಟೆ ಇಡಲು ಜಾಗ ಹುಡುಕುವ ಬಾತುಕೋಳಿಯ ಹಾಗಿತ್ತು.

ಕೊನೆಯ ಕಲ್ಲು ಮಾತ್ರ ಸಿಗಲಿಲ್ಲ. ಅದು ಅವರ ಮನೆಯ ಹಿಂದೆ, ಹಳ್ಳದ ದಡದಲ್ಲಿ ಇರಬೇಕಿತ್ತು. ಪಾದ್ರಿ ಪೆಲ್ಲೋ ಬೇಲಿಯ ಗೂಟ ತೋರಿಸಿ, ಇದನ್ನೇ ಕಲ್ಲು ಅಂದುಕೊಳ್ಳೋಣ, ಚಹಾ ಆರುತ್ತಿದೆ ಎಂದರು. ಎಲ್ಲರೂ ಒಪ್ಪಿದರು. ಚರಿತ್ರೆಕಾರರು ಒಪ್ಪಲಿಲ್ಲ.

"ಹಳ್ಳ ಮೊದ್ಲು ಇಲ್ಲಿ ಹರೀತಿರ್ಲಿಲ್ಲ. ಮೇಲ್ಗಡೆ ಇತ್ತು, ಕಲ್ಲೂ ಅಲ್ಲೇ ಇರ್ಬೇಕು. ನನ್ನ ಪುಸ್ತಕದಲ್ಲೇ ಬರ್ದಿದೀನಿ."

"ಅದನ್ನ ಓದಿದೋರು ಬಂದಿದ್ರೆ ಕೇಳ್ಬಹುದಿತ್ತು," ಎಂದರು ಮಿಸೆಸ್ ಟಬ್.

ಆರ್ಕಲ್ ಮನೆಯನ್ನು ಬಳಸಿಕೊಂಡು ಮುಂದಿನ ಇಳಿಜಾರು ಹತ್ತಿದರು. ತುರಿಕೆ ಗಿಡಗಳ ನಡುವೆ ಕಾಲು ಜಾರಿ ಧೊಪ್ಪನೆ ಕೂತರು. ಈ ಸಲ ಯಾರೂ ಎತ್ತಿ ಕುಕ್ಕಬೇಕಾಗಲಿಲ್ಲ: ಕೆಳಗೆ ಶಿಲುಬೆ ಕೆತ್ತಿದ ಕಲ್ಲಿತ್ತು. ಊರವರು ಚಪ್ಪಾಳೆ ತಟ್ಟಿದರು. ಆರ್ಕಲ್‌ರ ಕಣ್ಣಲ್ಲಿ ನೀರು ಬಂತು, ಅರ್ಧ ಸಂತೋಷಕ್ಕೆ.

ಪಾದ್ರಿ ಹಿಂದಿನ ಕಲ್ಲಿನಿಂದ ಈ ಕಲ್ಲಿಗೆ ಕೋಲು ನೇರ ಹಿಡಿದು ನೋಡಿದರು. ಮತ್ತೊಮ್ಮೆ ನೋಡಿದರು. ನೆದರ್ ವಾಪ್ಲಿ ಆರ್ಕಲ್‌ರ ಗೇಟಿಗಿಂತ ಮುಂಚೆಯೇ ಮುಗಿಯುತ್ತಿತ್ತು. ಗೇಟು, ಮನೆ, ಹಿತ್ತಲು, ಎಲ್ಲವೂ ಪಕ್ಕದ ಓವರ್ ವಾಪ್ಲಿಯದು.



"ನಾನು ಇಷ್ಟು ವರ್ಷ ಹೇಳಿದ್ದು ಸುಳ್ಳಾಗ್ಲಿಲ್ಲ ನೋಡಿ," ಎಂದರು ಮಿಸೆಸ್ ಟಬ್, ಪಾಪ, ಮೆತ್ತಗೆ.

ಪಾದ್ರಿ ಬಗ್ಗಿ ಆರ್ಕಲ್‌ರ ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡಿ. ಓವರ್ ವಾಪ್ಲಿ ಚರ್ಚೂ ನನ್ನದೇ ಅಲ್ವಾ? ಬರೋ ಗುರುವಾರ ಅಲ್ಲೂ ಗಡಿ ಸುತ್ತೋದಿದೆ, ಕುಕ್ಕಿಸ್ಕೊಳ್ಳೋಕೆ ಜನ ಸಿಕ್ಕಿಲ್ಲ. ಅಲ್ಲಿ ಕಲ್ಲುಗಳೂ ಜಾಸ್ತಿ. ನಿಮ್ಮ ಹೆಸರು ಹೇಳ್ಲಾ?"

ಆರ್ಕಲ್ ನಿಧಾನವಾಗಿ ಎದ್ದು ನಿಂತರು.

"ಬೇಡ," ಎಂದರು.