ನೆಮ್ಮದಿಗೊಂದು ಗೆರೆ

ಕೆರೆದುಕೊಂಡದ್ದು ನಿದ್ದೆಯಲ್ಲಿ. ಎಚ್ಚರವಿದ್ದಾಗ ಅವನು ಆ ಕೈಯನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಿದ್ದ. ಹಚ್ಚೆ ಹಾಕಿದವನು ಕೊಟ್ಟ ಚೀಟಿಯಲ್ಲಿದ್ದ ಹಾಗೆಯೇ ಮೆದು ಸೋಪಿನಲ್ಲಿ ತೊಳೆದು, ಉಜ್ಜದೆ ಆರಿಸಿ, ಮುಲಾಮನ್ನು ತೆಳ್ಳಗೆ ಸವರಿ, ಬಿಸಿಲಿಗೆ ತೋರಿಸದೆ ಕಾಪಾಡಿದ್ದ. ಚೀಟಿಯಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಿಯೂ ಇಟ್ಟಿದ್ದ. ಆದರೆ ನಿದ್ದೆಯಲ್ಲಿ ಉಗುರುಗಳಿಗೆ ಓದುಬರಹ ಎಲ್ಲಿಂದ ಬರಬೇಕು?

ಬೆಳಗ್ಗೆ ಕನ್ನಡಕ ಏರಿಸಿ ಮುಂಗೈ ನೋಡಿಕೊಂಡ. 'ನೆಮ್ಮದಿ' ಎಂಬ ದುಂಡನೆಯ ಅಕ್ಷರಗಳಲ್ಲಿ ಕೊನೆಯ 'ದಿ'ಯ ಹೊಟ್ಟೆಯ ಕೆಳಗೆ ನೆಟ್ಟಗೆ ಒಂದು ಕಪ್ಪು ಗೆರೆ ನಿಂತಿತ್ತು. ಅದೀಗ 'ನೆಮ್ಮಧಿ'ಯಾಗಿತ್ತು.

"ಶಾಯಿ ಹರಡಿಬಿಟ್ಟಿದೆ ಕಣೇ," ಎಂದು ಹೆಂಡತಿಯ ಮುಂದೆ ಕೈ ಚಾಚಿದ.

"ಒದ್ದೆ ಬಟ್ಟೇಲಿ ಒರೆಸಿ ನೋಡಿ."

"ಒರೆಸಬಾರದು ಅಂತ ಬರೆದಿದೆ."

"ಹಾಗಾದ್ರೆ ಬಿಡಿ. ಒಂದು ಗೆರೆ ತಾನೆ?"

"ಎಲ್ಲಾ ನಿನ್ನಿಂದಲೇ ಆಗಿದ್ದು."

"ನಾನು ಮಾತಿಗೆ ಅಂದೆ. ನೀವು ಹೋಗಿ ಚುಚ್ಚಿಸ್ಕೊಂಡು ಬಂದ್ರೆ ನಾನೇನು ಮಾಡ್ಲಿ?"

ಅದು ನಿಜ. ಗಾಳಿಗೆ ಬಾಗಿಲು ಬಡಿದರೂ ಬೆಚ್ಚುವ ಗಂಡನೊಂದಿಗೆ ಏಗಿ ಸಾಕಾಗಿ ಅವಳು ಒಂದು ದಿನ, "ನೆಮ್ಮದಿ ನಿಮ್ಮ ಹಣೇಲಂತೂ ಬರೆದಿಲ್ಲ, ಕೈಯಲ್ಲಾದ್ರೂ ಬರೆಸ್ಕೊಳ್ಳಿ," ಎಂದಿದ್ದಳು. ಅವನು ಬರೆಸಿಕೊಂಡಿದ್ದ.

ಬೇರೆ ಯಾರ ಕೈಯಲ್ಲಾದರೂ ಅದು ಬರೀ ಗೆರೆ. ಅವನು ಮಾತ್ರ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವ. ಇನ್ನೊಬ್ಬರ ತಪ್ಪು ಹುಡುಕುವುದೇ ಅವನ ಅನ್ನ. ಪ್ರತಿ ವಾಕ್ಯದ ನಡುವೆ ನಿಂತು ಉಗುಳು ನುಂಗುತ್ತಿದ್ದುದರಿಂದ ಅಲ್ಲಿನವರು ಅವನಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದರು. ಹಿರಿಯ ಕರಡು ತಿದ್ದುವವರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಿತ್ತು. ಅದು ಯಾರಿಗೆ ಎಂದು ಒಡತಿ ಅಂದು ಸಂಜೆ ಹೇಳುವವರಿದ್ದರು. ಕೈಮೇಲೆ ಅಚ್ಚಿನ ತಪ್ಪು ಹೊತ್ತವನಿಗೆ ಯಾರಾದರೂ ಆ ಕುರ್ಚಿ ಕೊಡುತ್ತಾರೆಯೇ?

ಉದ್ದ ತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಬಿಗಿಯಾಗಿ ಹಾಕಿಕೊಂಡು ಕೆಲಸಕ್ಕೆ ಹೋದ. ಯಂತ್ರಗಳ ಕಾವಿಗೆ ಒಳಗೆ ಎಲ್ಲರೂ ಬೆವರುತ್ತಿದ್ದರು. ಪುಸ್ತಕ ಕಟ್ಟುವ ಬೈಂಡರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಈ ಸೆಖೇಲಿ ತುಂಬು ತೋಳು ಯಾಕೆ, ಅಲ್ಪವಿರಾಮ?"

"ಏನಿಲ್ಲ... ಸ್ವಲ್ಪ... ಸುಟ್ಟಿದೆ."

ಆ ಮಾತು ಆಡಬಾರದಿತ್ತು. ಪರರ ಗಾಯ ಎಂದರೆ ಬೈಂಡರನಿಗೆ ಹಬ್ಬ. ಯಂತ್ರದವನನ್ನು ಕೂಗಿ ಕರೆದ. ಯಂತ್ರದವನು ಹಲ್ಲುಜ್ಜುವ ಪೇಸ್ಟು ಹಿಡಿದು ಬಂದ. ಅಕ್ಷರ ಜೋಡಿಸುವಾಕೆ ನೀರಿನ ಬಾಟಲಿ ತಂದಳು.

"ಬೇಡ, ಗಾಳಿ ಆಡಬಾರದು ಅಂದಿದಾರೆ."

"ಗಾಳಿ ಆಡದೆ ಗಾಯ ವಾಸಿಯಾಗತ್ತಾ? ನಮ್ಮ ಭಾವನ ಕಾಲು ಹೀಗೇ ಮುಚ್ಚಿಟ್ಟು ಕಲ್ಲಂಗಡಿ ಆಗಿತ್ತು," ಎನ್ನುತ್ತ ಬೈಂಡರ್ ಅವನ ಮಣಿಕಟ್ಟು ಹಿಡಿದ. ರಟ್ಟು ಬಗ್ಗಿಸುವ ಕೈ ಅದು. ಗುಂಡಿ ಕಿತ್ತು ಹಾರಿತು, ತೋಳು ಮೇಲೇರಿತು. ಮೂವರೂ ಬಗ್ಗಿದರು. ಓದು ಬಾರದವರ ನಡುವೆ ಸಿಕ್ಕಿಬಿದ್ದಿದ್ದರೆ ಬದುಕಿಕೊಳ್ಳಬಹುದಿತ್ತು.

"ನೆಮ್ಮ... ಧಿ," ಎಂದು ಬೈಂಡರ್ ಹೊಕ್ಕುಳಿನಿಂದ ಉಸಿರು ತೆಗೆದು ಓದಿದ.

"ಯಾರಿಗೆ ಏನಾಗಿದೆ?" ಎಂದು ಹಿಂದಿನಿಂದ ದನಿ ಬಂತು. ಒಡತಿ ನಿಂತಿದ್ದರು. ಗಂಡ ಹೋದ ಮೇಲೆ ಮುದ್ರಣಾಲಯವನ್ನು ಒಬ್ಬರೇ ನಡೆಸುತ್ತಿದ್ದ ಅವರು ದನಿ ಏರಿಸಿದ್ದನ್ನಾಗಲಿ ಕಣ್ಣು ತಗ್ಗಿಸಿದ್ದನ್ನಾಗಲಿ ಯಾರೂ ಕಂಡಿರಲಿಲ್ಲ. ಎದೆಯ ಮೇಲೆ ತೂಗುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿ ಆ ಕೈಯನ್ನು ಕರಡಿನ ಹಾಳೆಯಂತೆ ಓದಿದರು.

"ನೆಮ್ಮದಿಗೆ ಮಹಾಪ್ರಾಣ ಯಾವಾಗ ಬಂತು?"

ಅವನ ಬಾಯಿ, ಅಪ್ಪಣೆಗೆ ಕಾಯದೆ, ತಾನೇ ಮಾತಾಡಿತು.

"ಅದು ಮಹಾಪ್ರಾಣ ಅಲ್ಲ, ಅಮ್ಮಾ. ಅದು... ಉಸಿರುಗೆರೆ."

"ಏನು ಗೆರೆ?"

"ಉಸಿರುಗೆರೆ. ಹಳೆ ಕಾಲದ ಬರಹಗಾರರ ಪದ್ಧತಿ. ಓದೋವಾಗ ಅಲ್ಲಿ ನಿಂತು... ನಿಧಾನಕ್ಕೆ ಉಸಿರು ಬಿಡಬೇಕು. ಈಗ ಯಾರಿಗೂ ಗೊತ್ತಿಲ್ಲ."

ಬೈಂಡರ್ ನಗಲು ಬಾಯಿ ತೆರೆದವನು ಒಡತಿಯ ಮುಖ ನೋಡಿ ಮುಚ್ಚಿಕೊಂಡ. ಅವರು ಆ ಗೆರೆಯನ್ನೇ ನೋಡುತ್ತ, ಎಲ್ಲರಿಗೂ ಕೇಳಿಸುವಂತೆ ಒಂದು ಉದ್ದನೆಯ ಉಸಿರು ಬಿಟ್ಟರು.

"ಚೆನ್ನಾಗಿದೆ. ಯಾರ ಕೈಬರಹ?"

ಅವನು ಅಂಗಡಿಯ ಗುರುತು ಹೇಳಿದ. ಒಡತಿ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಕೈಚೀಲ ಹಿಡಿದು ಹೊರಗೆ ಹೊರಟರು. ಯಾವುದೋ ಗ್ರಂಥ ತಡಕಲು, ಯಾವುದೋ ಪಂಡಿತರನ್ನು ಕೇಳಲು ಹೋಗಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು. ಮುಂದಿದ್ದ ಕರಡಿನಲ್ಲಿ 'ವಧು' ಎಂದಿದ್ದುದನ್ನು 'ವದು' ಎಂದು ತಿದ್ದಿ, ತಿದ್ದಿದ್ದನ್ನು ಹೊಡೆದು, ಕೊನೆಗೆ ಹಾಳೆ ತೂತಾದ ಮೇಲೆ ಎದ್ದ. ಅವರು ಮರಳುವುದರೊಳಗೆ ಆ ಗೆರೆಗೆ ಏನಾದರೊಂದು ಗತಿ ಕಾಣಿಸಬೇಕಿತ್ತು. ಹೊಟ್ಟೆನೋವು ಎಂದು ಹೇಳಿ ಹಚ್ಚೆಯವನ ಅಂಗಡಿಗೆ ಓಡಿದ.

ಹಚ್ಚೆಯವನ ಅಪ್ಪ ಅಂಗಡಿ ಫಲಕಗಳಿಗೆ ಕುಂಚದಲ್ಲಿ ಅಕ್ಷರ ಬರೆಯುತ್ತಿದ್ದವನು. ಅವನು ಅಭ್ಯಾಸಕ್ಕೆಂದು ಬರೆದ ದೊಡ್ಡ ದೊಡ್ಡ ಅಕ್ಷರಗಳು, ತಲೆಕಟ್ಟು ಎಲ್ಲಿ ತೆಳುವಾಗಬೇಕು, ಬಾಲ ಎಲ್ಲಿ ಕೊಬ್ಬಬೇಕು ಎಂಬ ಗುರುತುಗಳೊಂದಿಗೆ, ಇನ್ನೂ ಗೋಡೆಯ ಮೇಲಿದ್ದವು. ಮಗ ಅವೇ ತಿರುವುಗಳನ್ನು ಸೂಜಿಗೆ ಕಲಿಸಿದ್ದ. ಒಳಗೆ ಪರದೆಯ ಹಿಂದೆ ಸೂಜಿ ಜೇನಿನಂತೆ ಗುಂಯ್‌ಗುಡುತ್ತಿತ್ತು. ಅದು ನಿಂತ ಮೇಲೆ ಹಚ್ಚೆಯವನು ಕೈಗವಸು ಕಳಚುತ್ತ ಹೊರಬಂದ.

"ನೋಡಿ, ಶಾಯಿ ಹರಡಿದೆ. ನನ್ನ ಜೀವನವೇ ಹಾಳಾಯ್ತು."

ಹಚ್ಚೆಯವನು ದೀಪ ಹತ್ತಿರ ಎಳೆದು ನೋಡಿದ. ಅವನ ಹುಬ್ಬು ನಿಧಾನವಾಗಿ ಮೇಲೇರಿತು. ಪರದೆಯ ಕಡೆ ಒಮ್ಮೆ ನೋಡಿದ. ಬಿಸಿನೀರಲ್ಲಿ ಹತ್ತಿ ಅದ್ದಿ ಗೆರೆಯ ಮೇಲೆ ಒತ್ತಿ ಹಿಡಿದ. ಹತ್ತಿ ಎತ್ತಿದಾಗ ಗೆರೆ ಹತ್ತಿಯಲ್ಲಿತ್ತು.

"ಶಾಯಿ ಅಲ್ಲ ಇದು, ಹಕ್ಕಳೆ. ಕೆರ್ಕೊಂಡಿದೀರ. ರಕ್ತ ಒಣಗಿ ಕೂತಿತ್ತು," ಎಂದು ಪಿಸುಗುಟ್ಟಿದ.

ಕೈಮೇಲೆ ಅಪ್ಪಟ 'ನೆಮ್ಮದಿ' ಹೊಳೆಯುತ್ತಿತ್ತು. ಎಷ್ಟೋ ದಿನಗಳ ನಂತರ ಅವನು ಉಗುಳು ನುಂಗದೆ, ಎಲ್ಲೂ ನಿಲ್ಲದೆ ಮಾತಾಡಿದ. ಹಚ್ಚೆಯವನು ತುಟಿಯ ಮೇಲೆ ಬೆರಳಿಟ್ಟಿದ್ದನ್ನು ಗಮನಿಸಲೇ ಇಲ್ಲ.

"ಬರೀ ಹಕ್ಕಳೆನಾ? ನಾನು ಬೆಳಗ್ಗೆಯಿಂದ ಸತ್ತು ಬದುಕಿದೀನಿ ಮಾರಾಯ್ರೆ. ನಮ್ಮ ಒಡತಿ ಕೇಳಿದ್ರೆ, ಅದು ಉಸಿರುಗೆರೆ, ಹಳೆ ಕಾಲದ ಪದ್ಧತಿ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಅವರೂ ನಂಬಿಬಿಟ್ರು."

ಪರದೆ ಸರಿಯಿತು. ಒಡತಿ ಹೊರಬಂದರು. ಅವರ ಮುಂಗೈಗೆ ತೆಳುವಾದ ಪ್ಲಾಸ್ಟಿಕ್ ಸುತ್ತಿತ್ತು. ಅದರೊಳಗೆ, ಸುತ್ತ ಕೆಂಪಗೆ ಊದಿಕೊಂಡು, ಅದೇ ದುಂಡನೆಯ ಅಕ್ಷರಗಳಲ್ಲಿ, ಗೆರೆಯ ಸಮೇತ, 'ನೆಮ್ಮಧಿ' ಇತ್ತು.

ಅಂಗಡಿಯಲ್ಲಿ ಯಾರೂ ಉಸಿರು ಬಿಡಲಿಲ್ಲ.

"ನಾನು ಬೇಡ ಅಂದೆ. ಅವರೇ ಆ ಗೆರೆ ಬೇಕೇಬೇಕು ಅಂದ್ರು," ಎಂದ ಹಚ್ಚೆಯವನು.

ಒಡತಿ ಅಲ್ಪವಿರಾಮನ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವನ ಕೈಯ ಪಕ್ಕದಲ್ಲಿ ತಮ್ಮ ಕೈ ಇಟ್ಟರು. ಬಹಳ ಹೊತ್ತು ಎರಡನ್ನೂ ಹೋಲಿಸಿ ನೋಡಿದರು.

"ನನಗೂ ಹೆದರಿಕೆ ಆಗತ್ತೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ," ಎಂದರು ಮೆಲ್ಲಗೆ. "ಬೆಳಗ್ಗೆ ಆ ಗೆರೆ ನೋಡಿ ಉಸಿರು ಬಿಟ್ಟಾಗ ಎಷ್ಟು ಹಗುರ ಆಯ್ತು ಗೊತ್ತಾ?" ಆಮೇಲೆ ಹಚ್ಚೆಯವನ ಕಡೆ ತಿರುಗಿದರು. "ಇದನ್ನ ಅಳಿಸೋಕಾಗತ್ತಾ?"

"ಇಲ್ಲ ಅಮ್ಮಾ. ಸೇರಿಸೋದು ಸುಲಭ, ತೆಗೆಯೋದು ಕಷ್ಟ."

"ಹಾಗಾದ್ರೆ ಇವರದಕ್ಕೆ ಸೇರಿಸಿ."

ಅವನು ಕೈ ಹಿಂದಕ್ಕೆಳೆದುಕೊಂಡ. "ಅಮ್ಮಾ, ಅದು... ತಪ್ಪಲ್ವಾ?"

"ನನ್ನೊಬ್ಬಳ ಕೈಯಲ್ಲಿದ್ರೆ ತಪ್ಪು. ಹಿರಿಯ ಕರಡು ತಿದ್ದುವವರ ಕೈಯಲ್ಲೂ ಇದ್ರೆ ಪದ್ಧತಿ. ನಾಳೆಯಿಂದ ಆ ಕುರ್ಚಿ ನಿಮ್ಮದು."

"ಚರ್ಮ ಇನ್ನೂ ಮಾಗಿಲ್ಲ. ಈಗ ಸೂಜಿ ಹಾಕೋ ಹಾಗಿಲ್ಲ," ಎಂದು ಹಚ್ಚೆಯವನು ಅಡ್ಡ ಬಂದ.

ಅಲ್ಪವಿರಾಮನಿಗೆ ಹೋದ ಜೀವ ಬಂದಂತಾಯಿತು.

"ಪರವಾಗಿಲ್ಲ, ಮಾಗಲಿ," ಎಂದರು ಒಡತಿ. "ಅಲ್ಲೀವರೆಗೂ ದಿನಾ ಪೆನ್ನಲ್ಲಿ ಎಳೆದುಕೊಂಡು ಬರ್ತಾರೆ. ಬೈಂಡರ್ ನೋಡೋಕೆ ಮೊದಲೇ. ನೀವು ಈಗಲೇ ಶುರು ಮಾಡಿ."

ಅವನು ಜೇಬಿನಲ್ಲಿದ್ದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದ. ಒಡತಿ ಅದನ್ನು ಕಸಿದುಕೊಂಡು ತಮ್ಮ ಪೆನ್ನು ಕೊಟ್ಟರು.

"ಕೆಂಪು ಬೇಡ, ಕಪ್ಪಲ್ಲಿ ಎಳೀರಿ. ಕೆಂಪಲ್ಲಿ ಎಳೆದ್ರೆ ತಿದ್ದುಪಡಿ ಅಂದ್ಕೋತಾರೆ."